ಬೆಳಿಗ್ಗೆ ಮಾತ್ರ ನಡುಗುವ ಕಾರು: ಪಾರ್ಟ್ಸ್ ಬದಲಿಸುವ ಮೊದಲು ಮನೆಯಲ್ಲೇ ನೋಡಬೇಕಾದದ್ದು

ಮಳೆಗಾಲ ಶುರುವಾಯಿತೆಂದರೆ ಈ ಪ್ರಶ್ನೆ ಬರಲೇಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ನಡುಗುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಕುಣಿಯುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಆಫ್. ಕಟಪಾಡಿಯಿಂದ ಹೊರಟು ಉಡುಪಿ ಮುಟ್ಟುವಷ್ಟರಲ್ಲಿ ಏನೂ ಇಲ್ಲ. ಗ್ಯಾರೇಜಿನವರು ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ, ‘ಗಾಡಿ ಚೆನ್ನಾಗೇ ಉಂಟಲ್ವಾ’ ಅಂತಾರೆ. ನೀವು ಮನೆಗೆ ವಾಪಸ್. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ.

ತಪ್ಪು ಅವರದ್ದೂ ಅಲ್ಲ. ನೀವು ಅಲ್ಲಿಗೆ ಹೋಗುವಾಗ ಇಂಜಿನ್ ಬಿಸಿಯಾಗಿರುತ್ತದೆ, ಕಾಯಿಲೆ ಅಡಗಿ ಕೂತಿರುತ್ತದೆ. ಇದನ್ನು ಹಿಡಿಯುವುದಾದರೆ ನಿಮ್ಮ ಅಂಗಳದಲ್ಲೇ, ಬೆಳಗಿನ ಮೊದಲ ಐದು ನಿಮಿಷದಲ್ಲೇ ಹಿಡಿಯಬೇಕು.

ಇಲ್ಲಿ ಬರೆದಿರುವುದು ಮುಖ್ಯವಾಗಿ ಪೆಟ್ರೋಲ್ ಗಾಡಿಗಳಿಗೆ. ಡೀಸೆಲ್ ಬಗ್ಗೆ ನಡುವೆ ನಾಲ್ಕು ಮಾತು ಇದೆ.

ನಮ್ಮೂರಲ್ಲಿ ಎಂಥ ಚಳಿ?

ಹೀಗೆ ಕೇಳುವವರು ಜಾಸ್ತಿ. ಮಂಗಳೂರಲ್ಲಿ ಜನವರಿಯಲ್ಲೂ ಸ್ವೆಟರ್ ಹಾಕುವವರು ಕಡಿಮೆ, ನಿಜ. ಆದರೆ ಇಂಜಿನ್ ಕೆಲಸ ಮಾಡಬೇಕಾದ ಬಿಸಿ 90 ಡಿಗ್ರಿ ಸೆಲ್ಸಿಯಸ್ ಹತ್ತಿರ. ರಾತ್ರಿಯಿಡೀ ನಿಂತು 25 ಡಿಗ್ರಿಗೆ ಇಳಿದ ಇಂಜಿನ್ ಅದರ ಲೆಕ್ಕದಲ್ಲಿ ತಣ್ಣಗೇ.

ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಸ್ವಲ್ಪ ಪಾಲು ಒಳಗಿನ ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಆಗ ಪೆಟ್ರೋಲನ್ನೂ ಗಾಳಿಯನ್ನೂ ಜಾಸ್ತಿ ಕೊಡುತ್ತದೆ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ನಾವು ಚೋಕ್ ಎಳೆಯುತ್ತಿದ್ದೆವಲ್ಲ, ಅದೇ ಕೆಲಸ. ಸರಿಯಿರುವ ಗಾಡಿ ಬೆಳಿಗ್ಗೆ 1,200ರಿಂದ 1,500 ಆರ್‌ಪಿಎಂನಲ್ಲಿ ಶುರುವಾಗಿ, ಬಿಸಿಯಾದಂತೆ ನಿಧಾನಕ್ಕೆ 700–850ಕ್ಕೆ ಇಳಿಯುತ್ತದೆ. ಮಾಡೆಲ್ ನೋಡಿ ಸ್ವಲ್ಪ ಆಚೀಚೆ ಆಗಬಹುದು.

ಇನ್ನೊಂದು ವಿಷಯ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗುವ ತನಕ ಮಾತಾಡುವುದಿಲ್ಲ. ಪೆಟ್ರೋಲ್ ಜಾಸ್ತಿಯಾಯಿತೋ ಕಡಿಮೆಯಾಯಿತೋ ಹೇಳುವುದೇ ಅದು. ಅಲ್ಲಿಯವರೆಗೆ ಇಸಿಯು ತನ್ನ ನೆನಪಿನಲ್ಲಿರುವ ಲೆಕ್ಕದ ಮೇಲೆ ಅಂದಾಜಿನಲ್ಲಿ ನಡೆಸುತ್ತದೆ. ಸೆನ್ಸರ್ ಬಿಸಿಯಾದ ಮೇಲೆ ತಿದ್ದಿಕೊಳ್ಳುತ್ತದೆ. ಸಣ್ಣ ಪುಟ್ಟ ದೋಷವೆಲ್ಲ ಬೆಳಿಗ್ಗೆ ಕಾಣಿಸಿ ಆಮೇಲೆ ಮುಚ್ಚಿಹೋಗುವುದು ಹೀಗೆ.

ಏನೆಲ್ಲ ಬೇಕು

ಒಂದು ಟಾರ್ಚ್, ಮೊಬೈಲ್, ಸಾಧಾರಣ ಮಲ್ಟಿಮೀಟರ್. ಜೊತೆಗೆ ಬ್ಲೂಟೂತ್ ಓಬಿಡಿ ಅಡಾಪ್ಟರ್. ಸ್ಟೇರಿಂಗ್ ಕೆಳಗೆ ಇರುವ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿ, ಇಸಿಯು ಏನು ಹೇಳುತ್ತಿದೆ ಎಂದು ಮೊಬೈಲಿನಲ್ಲಿ ಓದುವ ಸಾಧನ ಇದು. ಇಎಲ್‌ಎಂ327 ಎಂದು ಕೇಳಿದರೆ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. 2013ರ ನಂತರದ ಗಾಡಿಗಳಲ್ಲಿ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಅದಕ್ಕೂ ಹಳೆಯದಾದರೆ ಗ್ಯಾರೇಜಿನ ಸ್ಕ್ಯಾನರ್ ಬೇಕಾಗಬಹುದು.

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ, ಫ್ಲ್ಯಾಟಿನ ಬೇಸ್‌ಮೆಂಟಿನಲ್ಲಿ ಇಂಜಿನ್ ಓಡಿಸುತ್ತಾ ನಿಲ್ಲಬೇಡಿ. ತಣ್ಣಗಿನ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ, ಅದಕ್ಕೆ ವಾಸನೆಯೂ ಇಲ್ಲ. ಹಿಂದಿನ ಸಂಜೆಯೇ ಗಾಡಿಯನ್ನು ಅಂಗಳಕ್ಕೆ ತಂದಿಡಿ.

1. ಮೊದಲ ಐದು ನಿಮಿಷ ವಿಡಿಯೋ ಮಾಡಿ

ಗಾಡಿ ಕನಿಷ್ಠ ಎಂಟು ಗಂಟೆ ನಿಂತಿರಬೇಕು. ಎಸಿ, ಲೈಟು ಎಲ್ಲ ಆಫ್. ಮೀಟರ್ ಕಾಣುವಂತೆ ಮೊಬೈಲ್ ಹಿಡಿದು ಸೆಲ್ಫ್ ಹೊಡೆಯಿರಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಇದೇ ಕಷ್ಟ, ಕಾಲು ತಾನಾಗೇ ಹೋಗುತ್ತದೆ. ಒತ್ತಿದರೆ ಇಂಜಿನ್ ತಾನಾಗಿ ಏನು ಮಾಡುತ್ತಿತ್ತು ಎಂದು ತಿಳಿಯುವುದೇ ಇಲ್ಲ.

ವಿಡಿಯೋದಲ್ಲಿ ನೋಡಬೇಕಾದದ್ದು ಇಷ್ಟು. ಸ್ಟಾರ್ಟ್ ಆದ ಕೂಡಲೇ ಆರ್‌ಪಿಎಂ ಮೇಲೆ ಹೋಯಿತೇ, ಅಥವಾ ಮೊದಲೇ 700ರಲ್ಲಿ ಕೂತು ಒದ್ದಾಡಿತೇ? ಮೇಲೆ ಹೋಗದಿದ್ದರೆ ಥ್ರಾಟಲ್ ಬಾಡಿ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಅಥವಾ ಕೂಲಂಟ್ ಸೆನ್ಸರ್ (ಇಂಜಿನ್ ತಂಪು ಮಾಡುವ ದ್ರವದ ಬಿಸಿ ಅಳೆಯುವುದು) ಮೇಲೆ ಅನುಮಾನ. ಮೇಲೆ ಹೋಗಿ ಉಯ್ಯಾಲೆ ತೂಗಿದಂತೆ ಏರಿಳಿದರೆ ಎಲ್ಲೋ ಕಳ್ಳಗಾಳಿ, ಅಂದರೆ ಬಿರುಕಿನಿಂದ ಒಳಗೆ ನುಗ್ಗುವ ಗಾಳಿ. ಆರ್‌ಪಿಎಂ ಸರಿಯಿದ್ದು ಗಾಡಿ ‘ಟಕ್… ಟಕ್’ ಎಂದು ಒಂದೇ ತಾಳದಲ್ಲಿ ಕುಲುಕಿದರೆ ಅದು ಮಿಸ್ಸಿಂಗ್, ಒಂದು ಸಿಲಿಂಡರ್ ಉರಿಯುತ್ತಿಲ್ಲ.

ಹಿಂದೆ ಹೋಗಿ ಹೊಗೆಯನ್ನೂ ನೋಡಿ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಮಳೆಗಾಲದ ಬೆಳಿಗ್ಗೆ ತೆಳ್ಳಗಿನ ಬಿಳಿ ಆವಿ, ಪೈಪಿನಿಂದ ನೀರು ತೊಟ್ಟಿಕ್ಕುವುದು ಮಾಮೂಲಿ, ಅದಕ್ಕೆ ಹೆದರಬೇಡಿ. ದಪ್ಪ ಬಿಳಿ ಹೊಗೆ ಹತ್ತು ನಿಮಿಷವಾದರೂ ನಿಲ್ಲದಿದ್ದರೆ, ಸಿಹಿ ಸಿಹಿ ವಾಸನೆ ಬಂದರೆ, ಕೂಲಂಟ್ ಡಬ್ಬಿಯ ಮಟ್ಟವೂ ಇಳಿಯುತ್ತಿದ್ದರೆ ಮುಂದಿನ ಹಂತಗಳನ್ನೆಲ್ಲ ಬಿಡಿ. ರಾತ್ರಿ ಕೂಲಂಟ್ ಸಿಲಿಂಡರ್ ಒಳಗೆ ಸೋರುತ್ತಿರಬಹುದು, ಅಂದರೆ ಇಂಜಿನ್ ಹೆಡ್ಡಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿ ಓಡಿಸದೆ ಗ್ಯಾರೇಜಿನವರನ್ನು ಕರೆಯಿರಿ.

2. ಬಾನೆಟ್ ತೆಗೆದು ಕಣ್ಣಾಡಿಸಿ

ಇಂಜಿನ್ ಆಫ್ ಮಾಡಿ. ಮೊದಲು ಇಲಿ. ತೆಂಗಿನ ಮರ, ಕೊಟ್ಟಿಗೆ, ಅಡಿಕೆ ರಾಶಿ ಪಕ್ಕದಲ್ಲಿ ನಿಲ್ಲುವ ಗಾಡಿಗಳಿಗೆ ಮಳೆಗಾಲದಲ್ಲಿ ಇಲಿ ಒಂದು ದೊಡ್ಡ ಉಪದ್ರ. ಒಣಗಿದ, ಬೆಚ್ಚಗಿನ ಜಾಗ ಅದಕ್ಕೂ ಬೇಕು. ಇಂಜಿನ್ ಮೇಲೆ ಹಿಕ್ಕೆ, ತೆಂಗಿನ ನಾರು ಕಂಡರೆ ವೈರುಗಳನ್ನು ಒಂದೊಂದಾಗಿ ಬೆರಳಾಡಿಸಿ ನೋಡಿ. ಏರ್ ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿ. ಒಳಗೆ ಗೂಡು ಕಟ್ಟಿದ್ದು ನಾನೇ ನೋಡಿದ್ದೇನೆ.

ಆಮೇಲೆ ರಬ್ಬರ್ ಪೈಪುಗಳು. ಬಗ್ಗಿಸಿ ನೋಡಿದರೆ ಮಾತ್ರ ಬಿರುಕು ಕಾಣುತ್ತದೆ. ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಹೋಗುವ ದಪ್ಪ ಪೈಪಿನ ಮಡಿಕೆಯ ಅಡಿಭಾಗವನ್ನು ಮರೆಯಬೇಡಿ.

ಬ್ಯಾಟರಿ ವೋಲ್ಟೇಜ್ ಸ್ಟಾರ್ಟ್ ಮಾಡುವ ಮೊದಲು 12.4ರ ಮೇಲೆ, ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಬ್ಯಾಟರಿ ಸೋತಿದ್ದರೆ ಬೇರೆ ಎಲ್ಲ ಪರೀಕ್ಷೆಯೂ ಸುಮ್ನೆ ದಾರಿ ತಪ್ಪಿಸುತ್ತದೆ.

3. ಸ್ಕ್ಯಾನರ್‌ನಲ್ಲಿ ಕೋಡ್‌ಗಿಂತ ಮೊದಲು ಡಿಗ್ರಿ ನೋಡಿ

ಎಲ್ಲರೂ ಎಡವುವುದು ಇಲ್ಲಿ. ಅಡಾಪ್ಟರ್ ಸಿಕ್ಕಿಸಿ, ಕೋಡ್ ಇಲ್ಲ ಎಂದು ಬಂದರೆ ಕೈಬಿಡುತ್ತಾರೆ. ಸೆನ್ಸರ್ ಪೂರ್ತಿ ಸತ್ತರೆ ಸಾಮಾನ್ಯವಾಗಿ ಕೋಡ್ ಬರುತ್ತದೆ. ಸುಳ್ಳು ಹೇಳುವ ಸೆನ್ಸರ್‌ಗೆ ಬಹಳ ಸಲ ಕೋಡ್ ಬರುವುದಿಲ್ಲ.

ಹಾಗಾಗಿ ಬೆಳಿಗ್ಗೆ ಸೆಲ್ಫ್ ಹೊಡೆಯದೆ ಬರೀ ಇಗ್ನಿಷನ್ ಆನ್ ಮಾಡಿ, ಲೈವ್ ಡೇಟಾದಲ್ಲಿ ಎರಡು ಅಂಕಿ ನೋಡಿ. ಒಂದು ಕೂಲಂಟ್ ಬಿಸಿ, ಇನ್ನೊಂದು ಒಳಗೆ ಹೋಗುವ ಗಾಳಿಯ ಬಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಇವೆರಡೂ ಹತ್ತಿರ ಹತ್ತಿರ ಒಂದೇ ಇರಬೇಕು, ಹೊರಗಿನ ಹವೆಯಷ್ಟೇ ಇರಬೇಕು. ಮೂರು ನಾಲ್ಕು ಡಿಗ್ರಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಗಾಳಿ 26 ಎಂದಿದ್ದು ಕೂಲಂಟ್ 60 ಎಂದರೆ, ಇಸಿಯು ಇಂಜಿನ್ ಬಿಸಿಯಾಗಿದೆ ಎಂದುಕೊಂಡು ಪೆಟ್ರೋಲ್ ಕಡಿಮೆ ಕೊಡುತ್ತದೆ. ಗಾಡಿ ಒದ್ದಾಡುತ್ತದೆ. ಕೂಲಂಟ್ ಸೊನ್ನೆಯ ಹತ್ತಿರ ತೋರಿಸಿದರೆ ಪೆಟ್ರೋಲ್ ಸುರಿದು ಪ್ಲಗ್ ಮಸಿಯಾಗುತ್ತದೆ. ಖರ್ಚಿಲ್ಲದ ಪರೀಕ್ಷೆಗಳಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಕೋಡ್ ಬಂದರೆ ಬರೆದಿಟ್ಟುಕೊಳ್ಳಿ, ಅಳಿಸಬೇಡಿ. ಪಿ0301ರಿಂದ ಪಿ0304 ಎಂದರೆ ಒಂದನೇ, ಎರಡನೇ, ಮೂರನೇ, ನಾಲ್ಕನೇ ಸಿಲಿಂಡರ್ ಮಿಸ್ಸಿಂಗ್. ಪಿ0300 ಎಂದರೆ ಯಾವುದೆಂದು ಗೊತ್ತಿಲ್ಲದ ಮಿಸ್ಸಿಂಗ್. ಪಿ0171 ಎಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ, ಪಿ0172 ಅದರ ಉಲ್ಟಾ. ಪಿ0117, ಪಿ0118 ಕೂಲಂಟ್ ಸೆನ್ಸರ್ ಸರ್ಕ್ಯೂಟ್‌ನದ್ದು. ಪಿ0506 ಐಡ್ಲಿಂಗ್ (ಆಕ್ಸಿಲರೇಟರ್ ಮುಟ್ಟದೆ ಇಂಜಿನ್ ಓಡುವ ವೇಗ) ಕಡಿಮೆ, ಪಿ0507 ಜಾಸ್ತಿ. ಕೋಡ್ ಜಾಗವನ್ನು ತೋರಿಸುತ್ತದೆಯೇ ಹೊರತು ಯಾವ ಪಾರ್ಟ್ ಹಾಕಬೇಕೆಂದು ಹೇಳುವುದಿಲ್ಲ.

ಹಾಗೇ ಇಂಜಿನ್ ಬಿಸಿಯಾಗಲು ಎಷ್ಟು ಹೊತ್ತು ಬೇಕು ಎಂದೂ ನೋಡಿ. ಹತ್ತು ಹದಿನೈದು ನಿಮಿಷ ಓಡಿಸಿದರೂ 80 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಇಲ್ಲವೇ ಗಾಡಿಯಲ್ಲಿ ಅದು ಇಲ್ಲವೇ ಇಲ್ಲ. ಇಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರ್‌ಗೆ ಬಿಡದ ಬಾಗಿಲು ಇದು. ‘ನಮ್ಮ ಸೆಕೆಗೆ ಇದು ಬೇಡ ಮಾರಾಯ್ರೆ’ ಎಂದು ಕಿತ್ತು ಬಿಸಾಡುವ ಪದ್ಧತಿ ಈಗಲೂ ಉಂಟು. ನಾನು ಇದನ್ನು ಒಪ್ಪುವುದಿಲ್ಲ. ಇಂಜಿನ್ ದಿನವಿಡೀ ಅರೆಬಿಸಿಯಲ್ಲಿ ಓಡಿ ಪೆಟ್ರೋಲ್ ಕುಡಿಯುತ್ತದೆ. ಕಿತ್ತಿದ್ದರೆ ಹೊಸದು ಹಾಕಿಸಿ.

4. ಕೂಲಂಟ್ ಸೆನ್ಸರ್ ಮತ್ತು ಅದರ ಕನೆಕ್ಟರ್

ನನ್ನದೇ ಗಾಡಿಯ ಕತೆ ಇಲ್ಲಿ ಹೇಳಲೇಬೇಕು, ಚಿಕ್ಕದಾಗಿ. ಥ್ರಾಟಲ್ ಕ್ಲೀನ್ ಆಯಿತು, ನಾಲ್ಕು ಪ್ಲಗ್ ಹೊಸದಾಯಿತು, ಪ್ಲಗ್ಗಿಗೆ ಕರೆಂಟ್ ಕೊಡುವ ಒಂದು ಕಾಯಿಲ್ ಕೂಡ ಬದಲಾಯಿತು. ಬೆಳಗಿನ ನಡುಕ ಹಾಗೇ ಇತ್ತು. ಕೊನೆಗೆ ಸ್ಕ್ಯಾನರ್ ಹಾಕಿದರೆ ಕೂಲಂಟ್ 4 ಡಿಗ್ರಿ. ಕಟಪಾಡಿಯಲ್ಲಿ 4 ಡಿಗ್ರಿ! ಸೆನ್ಸರಿನ ಪ್ಲಾಸ್ಟಿಕ್ ಕನೆಕ್ಟರ್ ಎಳೆದು ನೋಡಿದರೆ ಒಂದು ಪಿನ್ನಿನ ಬುಡದಲ್ಲಿ ಹಿತ್ತಾಳೆ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು, ಸಾಸಿವೆ ಕಾಳಿನಷ್ಟು. ಬಿಸಿಯಾಗಿ ಪಿನ್ ಹಿಗ್ಗಿದ ಮೇಲೆ ಅದು ಸರಿಯಾಗಿ ತಾಗುತ್ತಿತ್ತು, ಅಂಕಿಯೂ ಸರಿಯಾಗುತ್ತಿತ್ತು. ಕೆರೆದು ತೆಗೆದ ಮೇಲೆ ಗಾಡಿ ಸರಿ. ಸೆನ್ಸರ್ ಕೂಡ ಹಳೆಯದೇ.

ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲ ಅಂತ ಸಮುದ್ರದ ಹತ್ತಿರ ಇರುವವರಿಗೆ ಈ ಕಿಲುಬು ಹೊಸತಲ್ಲ. ಉಪ್ಪುಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು ಕನೆಕ್ಟರ್ ಬಿಚ್ಚಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಗಲು ಬಿಟ್ಟು ಸಿಕ್ಕಿಸಿ. ಇಂಜಿನ್ನಿಂದ ಬಾಡಿಗೆ ಹೋಗುವ ಅರ್ತ್ ವೈರಿನ ಬೋಲ್ಟನ್ನೂ ಬಿಚ್ಚಿ ಉಜ್ಜಿ, ಬಿಗಿ ಮಾಡಿ.

ಅದಾದ ಮೇಲೂ ಅಂಕಿ ತಪ್ಪಿದ್ದರೆ ಸೆನ್ಸರನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ 25 ಡಿಗ್ರಿಗೆ ಸುಮಾರು 2 ಕಿಲೋ ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಬರುತ್ತದೆ. ಬಿಸಿಯಾದಂತೆ ಓಮ್ ಇಳಿಯಬೇಕು. ಬದಲಿಸುವುದಾದರೆ ತಣ್ಣಗಿನ ಇಂಜಿನ್‌ನಲ್ಲಿ ಮಾತ್ರ. ಬಿಸಿ ಇರುವಾಗ ಬಿಚ್ಚಿದರೆ ಕೂಲಂಟ್ ಮೈಮೇಲೆ ಚಿಮ್ಮುತ್ತದೆ.

5. ಥ್ರಾಟಲ್ ಬಾಡಿ

ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಇದು. ಒಳಗೊಂದು ದುಂಡಗಿನ ಹಲಗೆ, ಅದನ್ನು ಬಟರ್‌ಫ್ಲೈ ಅಂತಾರೆ. ಐಡ್ಲಿಂಗ್‌ನಲ್ಲಿ ಅದರ ಸುತ್ತ ಇರುವ ಕೂದಲೆಳೆಯಷ್ಟು ಸಂದಿನಲ್ಲೇ ಗಾಳಿ ಹೋಗಬೇಕು. ಅಲ್ಲಿ ಕರಿ ಜಿಡ್ಡು ಕಟ್ಟಿದರೆ ಗಾಳಿ ಸಾಲದು. ಹಳೇ ಆಲ್ಟೋ, ಸ್ಯಾಂಟ್ರೋದಂಥ ಕೇಬಲ್ ಇರುವ ಗಾಡಿಗಳಲ್ಲಿ ಐಡ್ಲಿಂಗ್ ಗಾಳಿಗೆ ಬೇರೆಯೇ ವಾಲ್ವ್ ಇರುತ್ತದೆ, ಅದೂ ಜಿಡ್ಡಿಗೆ ಅಂಟಿಕೊಳ್ಳುತ್ತದೆ.

ಥ್ರಾಟಲ್ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿ. ಪೆಟ್ರೋಲ್‌ನಲ್ಲಿ ತೊಳೆಯಬೇಡಿ, ಮರಳು ಕಾಗದ ತಾಗಿಸಬೇಡಿ. ಕೇಬಲ್ ಇಲ್ಲದ ಹೊಸ ಗಾಡಿಗಳಲ್ಲಿ ಬಟರ್‌ಫ್ಲೈಯನ್ನು ಬೆರಳಲ್ಲಿ ಒತ್ತಿ ತೆರೆದರೆ ಒಳಗಿನ ಪ್ಲಾಸ್ಟಿಕ್ ಗಿಯರ್ ಮುರಿಯಬಹುದು. ಕ್ಲೀನ್ ಮಾಡಿದ ಮೇಲೆ ಐಡ್ಲಿಂಗ್ ಮೊದಲಿಗಿಂತ ಕೆಟ್ಟರೆ ಗಾಬರಿ ಬೇಡ. ಇಸಿಯು ಜಿಡ್ಡಿನ ಲೆಕ್ಕಕ್ಕೆ ಹೊಂದಿಕೊಂಡಿರುತ್ತದೆ, ಹೊಸದಾಗಿ ಕಲಿಯಬೇಕು. ಕೆಲವು ಗಾಡಿ ಓಡುತ್ತಾ ಓಡುತ್ತಾ ತಾನಾಗಿ ಕಲಿಯುತ್ತದೆ, ಕೆಲವಕ್ಕೆ ಸ್ಕ್ಯಾನರ್‌ನಲ್ಲಿ ರಿಸೆಟ್ ಬೇಕು.

6. ಕಳ್ಳಗಾಳಿ

ಥ್ರಾಟಲ್ ದಾಟಿದ ಮೇಲೆ ಬಿರುಕಿನಿಂದಲೋ ಸಡಿಲ ಪೈಪಿನಿಂದಲೋ ಒಳಗೆ ನುಗ್ಗುವ ಗಾಳಿ ಇದು, ಗ್ಯಾರೇಜಿನಲ್ಲಿ ವ್ಯಾಕ್ಯೂಮ್ ಲೀಕ್ ಅಂತಾರೆ. ತಣ್ಣಗಿರುವಾಗ ರಬ್ಬರ್ ಗಟ್ಟಿ, ಸಂದು ತೆರೆದಿರುತ್ತದೆ. ಬಿಸಿಯಾದರೆ ಮೆತ್ತಗಾಗಿ ತಾನೇ ಮುಚ್ಚಿಕೊಳ್ಳುತ್ತದೆ.

ಕಿವಿ ಕೊಟ್ಟು ಕೇಳಿ, ‘ಸ್ಸ್’ ಎನ್ನುತ್ತಿದೆಯೇ? ಓಡುತ್ತಿರುವಾಗ ಸಣ್ಣ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಹಿಸುಕಿ. ಯಾವುದನ್ನು ಹಿಸುಕಿದಾಗ ನಡುಕ ನಿಂತಿತೋ ಅಲ್ಲೇ ಹುಡುಕಿ. ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪ್, ಇಂಜಿನ್ನಿನ ಆವಿ ವಾಪಸ್ ಕಳಿಸುವ ಪಿಸಿವಿ ವಾಲ್ವ್, ಇವೆರಡು ಮಾಮೂಲಿ ಕಳ್ಳರು. ಪೆಟ್ರೋಲ್ ತುಂಬಿಸಿದ ಮೇಲೆ ಮಾತ್ರ ಒದ್ದಾಡುವ ಗಾಡಿಯಾದರೆ ಪರ್ಜ್ ವಾಲ್ವ್ ನೋಡಿಸಿ. ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವುದು ಅದು.

ಕಾರ್ಬ್ ಕ್ಲೀನರ್ ಹೊಡೆದು ಲೀಕ್ ಹುಡುಕುವ ವಿಡಿಯೋಗಳು ಬೇಕಾದಷ್ಟಿವೆ. ಓಡುವ ಇಂಜಿನ್ ಮೇಲೆ ಬೆಂಕಿ ಹತ್ತುವ ಸ್ಪ್ರೇ ಹೊಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಗ್ಯಾರೇಜಿನಲ್ಲಿ ಹೊಗೆ ಬಿಟ್ಟು ನೋಡುವ ಮೆಷಿನ್ ಇದ್ದರೆ ಅದೇ ಮೇಲು.

7. ಪ್ಲಗ್, ಕಾಯಿಲ್

ಮಿಸ್ಸಿಂಗ್ ಇದ್ದವರು ನೇರ ಇಲ್ಲಿಗೆ ಬನ್ನಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ. ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರುತ್ತದೆ, ಆಗ ದೊಡ್ಡ ಖರ್ಚು. ತುದಿ ನಸು ಕಂದು ಇದ್ದರೆ ಸರಿ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒದ್ದೆ ಇದ್ದರೆ ಅದು ಉರಿಯುತ್ತಲೇ ಇಲ್ಲ. ಗ್ಯಾಪ್ ಹೆಚ್ಚಾಗಿ 0.8ರಿಂದ 1.1 ಮಿ.ಮೀ., ನಿಮ್ಮ ಮ್ಯಾನ್ಯುವಲ್ ಹೇಳಿದ್ದೇ ಕೊನೆ ಮಾತು. ಇರಿಡಿಯಂ ಪ್ಲಗ್ಗನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ.

ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತಿದೆಯೇ ನೋಡಿ. ಮಳೆಗಾಲ ಮುಗಿದ ಮೇಲೆ ವಾಟರ್ ಸರ್ವಿಸ್‌ಗೆ ಬಿಟ್ಟು, ಪ್ರೆಶರ್ ನೀರು ಇಂಜಿನ್ನಿಗೂ ಹೊಡೆಸಿಕೊಂಡು ಬರುವವರು ನಮ್ಮಲ್ಲಿ ಬಹಳ. ಮರುದಿನ ಮಿಸ್ಸಿಂಗ್ ಶುರು. ಗುಂಡಿಯಲ್ಲಿ ಎಣ್ಣೆ ಇದ್ದರೆ ವಾಲ್ವ್ ಕವರ್ ಸೀಲ್ ಹೋಗಿದೆ.

ಕಾಯಿಲ್ ಹಾಳಾಗಿದೆ ಎಂದು ಅನುಮಾನವಿದ್ದರೆ ಹೊಸದು ತರಬೇಡಿ. ಒಂದನೇ ಸಿಲಿಂಡರಿನದ್ದನ್ನು ಮೂರನೇದಕ್ಕೆ ಹಾಕಿ, ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ. ಪಿ0301 ಹೋಗಿ ಪಿ0303 ಬಂತೇ? ಹಾಗಾದರೆ ಕಾಯಿಲ್ ಹೋಗಿದೆ. ಕೋಡ್ ಅಲ್ಲೇ ಉಳಿದರೆ ಪ್ಲಗ್ಗನ್ನೂ ಹೀಗೇ ಅದಲು ಬದಲು ಮಾಡಿ. ಇಂಜಿನ್ ಓಡುವಾಗ ಕಾಯಿಲ್ ಎಳೆದು ನೋಡುವ ಹಳೇ ವಿದ್ಯೆ ಬೇಡ. ಶಾಕ್ ಹೊಡೆಯುತ್ತದೆ, ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟ್ ಕನ್ವರ್ಟರ್ ಸುಡುತ್ತದೆ.

8. ಪೆಟ್ರೋಲ್

ಒಂದು ಸುಲಭ ಪರೀಕ್ಷೆ. ಬೆಳಿಗ್ಗೆ ಕೀಯನ್ನು ಆನ್ ಮಾಡಿ ಮೂರು ಸೆಕೆಂಡ್ ಬಿಡಿ, ಹಿಂದಿನಿಂದ ಪಂಪಿನ ‘ಗುಯ್’ ಸದ್ದು ಕೇಳುತ್ತದೆ. ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ನಡುಕ ಇಲ್ಲದೆ ಸ್ಟಾರ್ಟ್ ಆದರೆ ರಾತ್ರಿ ಪೆಟ್ರೋಲ್ ಪ್ರೆಶರ್ ಇಳಿದುಹೋಗುತ್ತಿದೆ. ಪಂಪಿನ ಒಳಗಿನ ವಾಲ್ವ್ ಅಥವಾ ಸೋರುವ ಇಂಜೆಕ್ಟರ್. ಪ್ರೆಶರ್ ಗೇಜ್ ಹಾಕಿ ನೋಡುವ ಕೆಲಸ ಗ್ಯಾರೇಜಿನದ್ದೇ.

ಸಿಎನ್‌ಜಿ ಹಾಕಿದವರು ಇದನ್ನು ಗಮನಿಸಿ. ಹೆಚ್ಚಿನ ಸಿಎನ್‌ಜಿ ಗಾಡಿಗಳು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ಸ್ವಲ್ಪ ಬಿಸಿಯಾದ ಮೇಲೆ ಗ್ಯಾಸಿಗೆ ಹೋಗುತ್ತವೆ. ಟ್ಯಾಂಕಿನಲ್ಲಿ ಐದು ಲೀಟರ್ ಪೆಟ್ರೋಲ್ ಆರು ತಿಂಗಳು ಇಟ್ಟುಕೊಂಡರೆ ಬೆಳಿಗ್ಗೆ ಮಾತ್ರ ಒದ್ದಾಡುವುದು ಸಹಜವೇ ಅಲ್ವಾ? ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಎಥನಾಲ್ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ, ತಣ್ಣಗೆ ಬೇಗ ಆವಿಯೂ ಆಗುವುದಿಲ್ಲ. ವಾರಕ್ಕೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರ್ ಪೆಟ್ರೋಲಿನಲ್ಲಿ ಓಡಿಸಿ, ಹೊಸ ಪೆಟ್ರೋಲ್ ತುಂಬಿಸುತ್ತಿರಿ. ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರ ಗಾಡಿಗೂ ಇದೇ ಮಾತು.

ಡೀಸೆಲ್ ಆದರೆ ಲೆಕ್ಕ ಬೇರೆ, ಅಲ್ಲಿ ಪ್ಲಗ್ ಕಿಡಿ ಇಲ್ಲ. ಬೆಳಗಿನ ನಡುಕಕ್ಕೆ ಮೊದಲು ಫಿಲ್ಟರ್, ಪೈಪಿನಲ್ಲಿ ಗಾಳಿ ಸೇರುತ್ತಿದೆಯೇ ನೋಡಿಸಿ. ಆಮೇಲೆ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್. ಕೊನೆಗೆ ಇಂಜೆಕ್ಟರ್.

9. ಇಷ್ಟಾದರೂ ಸಿಗದಿದ್ದರೆ

ಉಳಿದದ್ದು ಇಂಜಿನ್ ಒಳಗಿನ ವಿಷಯ. ವಾಲ್ವ್ ಗ್ಯಾಪ್ ಬಿಗಿಯಾಗಿರಬಹುದು, ತುಂಬಾ ಓಡಿದ ಸಿಎನ್‌ಜಿ ಗಾಡಿಗಳಲ್ಲಿ ಇದನ್ನು ಮೊದಲೇ ನೋಡಿಸುವುದು ಒಳ್ಳೆಯದು. ಕಂಪ್ರೆಷನ್ ಕಡಿಮೆ ಇರಬಹುದು. ಎರಡೂ ಮನೆಯಲ್ಲಿ ಆಗುವ ಕೆಲಸವಲ್ಲ.

ಗ್ಯಾರೇಜಿಗೆ ಬೆಳಿಗ್ಗೆ ಓಡಿಸಿಕೊಂಡು ಹೋಗಬೇಡಿ. ಹಿಂದಿನ ಸಂಜೆಯೇ ಗಾಡಿ ಅಲ್ಲಿ ಬಿಟ್ಟು ಬನ್ನಿ. ‘ಬೆಳಿಗ್ಗೆ ನಾನು ಬಂದ ಮೇಲೆಯೇ ಸ್ಟಾರ್ಟ್ ಮಾಡಿ, ಅಣ್ಣ’ ಎಂದು ಹೇಳಿ ಬನ್ನಿ. ಹುಡುಗರು ಜಾಗ ಮಾಡಲು ಗಾಡಿ ಹಿಂದೆ ಮುಂದೆ ತೆಗೆಯುತ್ತಾರೆ, ಹಾಗಾಗಿ ಕೀ ನಿಮ್ಮಲ್ಲೇ ಇದ್ದರೆ ಇನ್ನೂ ಒಳ್ಳೆಯದು. ವಿಡಿಯೋ, ಕೋಡ್ ಬರೆದ ಚೀಟಿ, ಕೂಲಂಟ್ ಮತ್ತು ಗಾಳಿಯ ಅಂಕಿ, ಇಷ್ಟನ್ನು ಮೊದಲೇ ತೋರಿಸಿ. ಬ್ಯಾಟರಿ ತೆಗೆಯುವ ಮೊದಲು ಸ್ಕ್ಯಾನ್ ಮಾಡಲು ಹೇಳಿ, ಇಲ್ಲದಿದ್ದರೆ ಇಸಿಯುವಿನಲ್ಲಿ ಉಳಿದ ಕುರುಹು ಅಳಿಸಿಹೋಗಬಹುದು. ಏನಾದರೂ ಬದಲಿಸಿದರೆ ಹಳೇ ಪಾರ್ಟ್ ಕೇಳಿ ಇಸಿದುಕೊಳ್ಳಿ, ಮತ್ತು ಹಣ ಕೊಡುವುದು ಇನ್ನೊಂದು ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡಿದ ಮೇಲೆ ಎಂದು ಮೊದಲೇ ಮಾತಾಡಿಕೊಳ್ಳಿ.